ಒಂದು ತಿಂಗಳು, ಆರು ಪ್ರಕಾರ: ಬೇರೆ ಬೇರೆ ಬಗೆಯ ಪುಸ್ತಕ ಓದಲು ಒಂದು ಸಮಗ್ರ ಮಾರ್ಗದರ್ಶಿ

ಈ ತಿಂಗಳು ಆರು ಪುಸ್ತಕ ಓದಿಯೇ ಓದುತ್ತೇನೆ ಎಂದು ಹೊರಟವರು ಹತ್ತನೇ ದಿನಕ್ಕೆ ನಿಂತುಬಿಡುವುದು ಬಹಳ ಸಲ ಸೋಮಾರಿತನದಿಂದಲ್ಲ, ಆರನ್ನೂ ಕಾದಂಬರಿ ಓದಿದ ಹಾಗೇ ಓದುವುದರಿಂದ. ಪತ್ತೇದಾರಿ ಕಾದಂಬರಿ ಓಡಿಸಿಕೊಂಡು ಹೋಗುತ್ತದೆ, ವಿಜ್ಞಾನದ ಪುಸ್ತಕ ಪುಟಪುಟಕ್ಕೂ ನಿಲ್ಲಿಸುತ್ತದೆ. ಕವನ ಸಂಕಲನವನ್ನು ಒಂದೇ ಸಂಜೆ ಮುಗಿಸಿದವರಿಗೆ ಮರುದಿನ ಒಂದು ಸಾಲೂ ನೆನಪಿರುವುದಿಲ್ಲ. ಪ್ರಕಾರ ಬದಲಾದಾಗ ಓದುವ ವೇಗ, ಕೂರುವ ಹೊತ್ತು, ಪೆನ್ಸಿಲ್ ಹಿಡಿಯುವ ರೀತಿ ಎಲ್ಲ ಬದಲಾಗಬೇಕು. ಹಾಗಾಗಿ ಇಲ್ಲಿ ಲೆಕ್ಕವೆಲ್ಲ ಗಂಟೆಗಳದ್ದು. ಪುಸ್ತಕಗಳ ಸಂಖ್ಯೆ ಆ ಲೆಕ್ಕದಿಂದ ತಾನಾಗಿ ಬರುತ್ತದೆ.

ಮೊದಲು ನಿಮ್ಮ ವೇಗ ಅಳೆಯಿರಿ

ಓದಿನ ವೇಗದ ಬಗ್ಗೆ ಸಿಗುವ ಅಂಕಿಗಳು ಹೆಚ್ಚಾಗಿ ಇಂಗ್ಲಿಷಿನವು. ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರೈಸ್‌ಬಾರ್ಟ್ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ವಯಸ್ಕರು ಕಥೆಯಲ್ಲದ ಇಂಗ್ಲಿಷ್ ಬರಹವನ್ನು ಮೌನವಾಗಿ ಓದುವಾಗ ನಿಮಿಷಕ್ಕೆ ಸರಾಸರಿ 238 ಪದ ಸಾಗುತ್ತಾರೆ ಎಂದು ಲೆಕ್ಕ ಹಾಕಿದರು. ಕನ್ನಡಕ್ಕೆ ಈ ಅಂಕಿ ಹಿಡಿದರೆ ಎಡವಟ್ಟಾಗುತ್ತದೆ. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕಾಗುವ ಮಾತನ್ನು ಕನ್ನಡ ‘ಹೋಗಬೇಕಾಗಿತ್ತಂತೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತದೆ. ಪದ ಎಣಿಸುವುದು ಬಿಟ್ಟು ಪುಟ ಎಣಿಸಿ.

ಒಂದು ಸಾಧಾರಣ ಕಾದಂಬರಿ ತೆಗೆದುಕೊಳ್ಳಿ. ಮೊದಲ ಪುಟಗಳಲ್ಲಿ ಯಾರಾದರೂ ನಿಧಾನವಾಗಿಯೇ ಇರುತ್ತಾರೆ, ಆದ್ದರಿಂದ ಮೂವತ್ತನೇ ಪುಟದವರೆಗೆ ಅಳೆಯಬೇಡಿ. ಅಲ್ಲಿಂದ 20 ನಿಮಿಷ ಟೈಮರ್ ಇಟ್ಟು ಓದಿ, ಎಷ್ಟು ಪುಟ ಆಯಿತು ನೋಡಿ ಮೂರರಿಂದ ಗುಣಿಸಿ. ಬೇರೆ ದಿನ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಇದನ್ನೇ ಮಾಡಿ, ಎರಡರಲ್ಲಿ ಕಡಿಮೆ ಬಂದ ಅಂಕಿಯನ್ನು ಇಟ್ಟುಕೊಳ್ಳಿ. ಹೆಚ್ಚು ಬಂದದ್ದನ್ನು ಹಿಡಿದವರ ಬಜೆಟ್ ಮೊದಲ ವಾರದಲ್ಲೇ ಹರಿಯುತ್ತದೆ.

ಪುಸ್ತಕದ ಅಳತೆಯನ್ನೂ ಗಮನಿಸಿ. ಮುದ್ರಕರು 1/8 ಡೆಮಿ ಎನ್ನುವ ಅಳತೆಯ ಪುಸ್ತಕದ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. 1/8 ಕ್ರೌನ್ ಪುಟ ಅದಕ್ಕಿಂತ ಸುಮಾರು ಐದನೇ ಒಂದು ಭಾಗ ಚಿಕ್ಕದು. ಡೆಮಿಯಲ್ಲಿ ಅಳೆದ ವೇಗವನ್ನು ಕ್ರೌನ್ ಪುಸ್ತಕಕ್ಕೆ ಹಚ್ಚಿದರೆ ನೀವು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತದೆ, ಅದರಿಂದ ತೊಂದರೆಯಿಲ್ಲ. ತಿರುಗಾಮುರುಗಾ ಆದರೆ ಮಾತ್ರ ಕಷ್ಟ. ಇ-ಪುಸ್ತಕದಲ್ಲಿ ಓದುವವರು ಅಕ್ಷರದ ಗಾತ್ರವನ್ನು ಮೊದಲ ದಿನ ಒಮ್ಮೆ ಹೊಂದಿಸಿ, ತಿಂಗಳಿಡೀ ಮುಟ್ಟದಿದ್ದರೆ ಪುಟದ ಲೆಕ್ಕ ಕೆಡುವುದಿಲ್ಲ.

ಈಗ ನಿಮ್ಮ ಕಾದಂಬರಿ ವೇಗ ಗಂಟೆಗೆ 30 ಪುಟ ಎಂದುಕೊಳ್ಳಿ. ಉಳಿದ ಪ್ರಕಾರಗಳಿಗೆ ಶುರುವಿನ ಅಂದಾಜು ಹೀಗಿರಲಿ: ಪತ್ತೇದಾರಿ 40, ಸಣ್ಣಕಥೆ 25, ಆತ್ಮಕಥೆ ಅಥವಾ ಪ್ರವಾಸಕಥನ 30, ಜನಪ್ರಿಯ ವಿಜ್ಞಾನ ಅಥವಾ ಇತಿಹಾಸ 18. ನಾಟಕದ ಪುಟದಲ್ಲಿ ಖಾಲಿ ಜಾಗ ಜಾಸ್ತಿ, ಗಟ್ಟಿಯಾಗಿ ಓದಿದರೂ 40ರ ಹತ್ತಿರ ಸಾಗುತ್ತದೆ. ಕವಿತೆಗೆ ಪುಟದ ಲೆಕ್ಕವೇ ಬೇಡ, ದಿನಕ್ಕೆ ನಾಲ್ಕು ನಿಮಿಷ ಎಂದು ಇಟ್ಟುಕೊಳ್ಳಿ. ನಿಮ್ಮ ವೇಗ 20 ಆಗಿದ್ದರೆ ಪುಟದ ಅಂಕಿಗಳನ್ನೆಲ್ಲ ಮೂರನೇ ಎರಡಕ್ಕೆ ಇಳಿಸಿ.

ಗಂಟೆಗಳ ಬಜೆಟ್

ದಿನಕ್ಕೆ 45 ನಿಮಿಷ, ತಿಂಗಳಲ್ಲಿ 26 ದಿನ. ಒಟ್ಟು 1170 ನಿಮಿಷ, ಅಂದರೆ ಹತ್ತೊಂಬತ್ತೂವರೆ ಗಂಟೆ. 30 ದಿನವನ್ನೂ ಲೆಕ್ಕಕ್ಕೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಜ್ವರ, ನೆಂಟರು, ಆಫೀಸಿನ ಕೊನೇ ಗಳಿಗೆಯ ಕೆಲಸ, ಇವು ಹೇಳಿ ಕೇಳಿ ಬರುವುದಿಲ್ಲ.

ಈ 1170 ನಿಮಿಷವನ್ನು ಹಂಚುವ ಒಂದು ಬಗೆ:

- ಪತ್ತೇದಾರಿ ಕಾದಂಬರಿ, 160 ಪುಟ: 240 ನಿಮಿಷ
- ಸಣ್ಣಕಥೆಗಳು, 100 ಪುಟ: 240 ನಿಮಿಷ
- ನಾಟಕ, 80 ಪುಟ: 120 ನಿಮಿಷ
- ಆತ್ಮಕಥೆ ಅಥವಾ ಪ್ರವಾಸಕಥನ, 120 ಪುಟ: 240 ನಿಮಿಷ
- ವಿಜ್ಞಾನ ಅಥವಾ ಇತಿಹಾಸ, ಆಯ್ದ ಅಧ್ಯಾಯಗಳು, 54 ಪುಟ: 180 ನಿಮಿಷ
- ಕವಿತೆ, ದಿನಕ್ಕೊಂದು: ಸುಮಾರು 100 ನಿಮಿಷ

ಒಟ್ಟು 1120 ನಿಮಿಷ. ಉಳಿದ 50 ನಿಮಿಷವನ್ನು ಟಿಪ್ಪಣಿಗೆ ಬಿಡಿ, ಅಲ್ಲಿ ಇನ್ನೊಂದು ಪುಸ್ತಕ ತುರುಕಬೇಡಿ.

ನಾನೂರು ಪುಟದ ಮಹಾಕಾದಂಬರಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ ಎಂದು ಕೆಲವರಿಗೆ ಬೇಸರವಾಗಬಹುದು. ಗಂಟೆಗೆ 30 ಪುಟದ ಲೆಕ್ಕದಲ್ಲಿ ಅದೊಂದಕ್ಕೇ ಹದಿಮೂರು ಗಂಟೆಗೂ ಹೆಚ್ಚು ಬೇಕು. ಅದನ್ನು ಇದೇ ತಿಂಗಳು ಸೇರಿಸಿದರೆ ಉಳಿದ ಐದು ಪ್ರಕಾರಗಳು ಹೆಸರಿಗಷ್ಟೇ ಇರುತ್ತವೆ. ಅಂಥ ಪುಸ್ತಕಕ್ಕೆ ಬೇರೆಯದೇ ತಿಂಗಳು ಕೊಡುವುದು ವಾಸಿ.

ಪುಸ್ತಕ ಆರಿಸುವುದು

ಆರೂ ಪುಸ್ತಕ ಮೊದಲ ದಿನಕ್ಕೆ ಮುಂಚೆ ಗೊತ್ತಾಗಿರಬೇಕು. ಜೊತೆಗೆ ಎರಡು ಬದಲಿ ಪುಸ್ತಕಗಳು. ಮುಂದೇನು ಓದೋಣ ಎಂದು ತಿಂಗಳ ನಡುವೆ ಹುಡುಕಲು ಹೊರಟರೆ, ಆ ಹುಡುಕಾಟಕ್ಕೇ ಮೂರು ದಿನ ಹೋಗುತ್ತದೆ. ಗ್ರಂಥಾಲಯದಿಂದ ತರುವವರು ಆರನ್ನೂ ಒಂದೇ ದಿನ ತರಬೇಡಿ. ತಿಂಗಳ ಕೊನೆಗೆ ಓದಬೇಕಾದ ಪುಸ್ತಕ ಹಿಂದಿರುಗಿಸುವ ದಿನ ನಡುವೆಯೇ ಬಂದುಬಿಡಬಹುದು. ಮೊದಲ ಎರಡು ವಾರದವನ್ನು ಈಗ ತನ್ನಿ, ಉಳಿದವನ್ನು ಕಾಯ್ದಿರಿಸಿ.

ಗ್ರಂಥಾಲಯದಲ್ಲಿ ಹುಡುಕಲು ಪುಸ್ತಕದ ಬೆನ್ನಿನ ಮೇಲಿನ ಅಂಕಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಹಲವು ಕಡೆ ಬಳಕೆಯಲ್ಲಿದೆ. ಅದರಲ್ಲಿ 500 ವಿಜ್ಞಾನ, 800 ಸಾಹಿತ್ಯ, 900 ಇತಿಹಾಸ, 910 ಭೂಗೋಳ ಮತ್ತು ಪ್ರವಾಸ, 920 ಜೀವನಚರಿತ್ರೆ. ಕನ್ನಡ ಸಾಹಿತ್ಯದ ಅಂಕಿ 894.814. ಅದರ ಮುಂದೆ ಬರುವ ಅಂಕಿ ಪ್ರಕಾರವನ್ನು ಹೇಳುತ್ತದೆ: 1 ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ. ಹಾಗಾಗಿ 894.8142 ಕಂಡ ಕಪಾಟಿನ ಮುಂದೆ ನಿಂತರೆ ನೀವು ನಾಟಕಗಳ ನಡುವೆ ಇದ್ದೀರಿ. ಎಷ್ಟೋ ಓದುಗರು ಕೊನೆಯಲ್ಲಿ 3 ಇರುವ ಸಾಲು ದಾಟಿ ಆಚೆ ಹೋಗಿಯೇ ಇರುವುದಿಲ್ಲ. ಅಂಕಿ ಸಿಗದಿದ್ದರೆ ಗ್ರಂಥಪಾಲಕರನ್ನು ಕೇಳಿ. ಓದುಗರ ಸಮಯ ಉಳಿಸಬೇಕು ಎನ್ನುವುದು ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಸಂಕೋಚ ಬೇಡ.

ಪ್ರಕಾರ ಬದಲಾಯಿಸಿದ ಮಾತ್ರಕ್ಕೆ ಓದು ಬದಲಾಗುವುದಿಲ್ಲ. ಒಬ್ಬರೇ ಲೇಖಕರ ಕಥೆ, ನಾಟಕ, ಆತ್ಮಕಥೆ ಮೂರನ್ನೂ ಆರಿಸಿದರೆ ಒಂದೇ ದನಿಯನ್ನು ಮೂರು ಸಲ ಕೇಳಿದಂತಾಗುತ್ತದೆ. ಆರರಲ್ಲಿ ಒಂದು ನೀವು ಹುಟ್ಟುವ ಮೊದಲಿನದಾಗಿರಲಿ, ಒಂದು ಅನುವಾದವಾಗಿರಲಿ, ಕನಿಷ್ಠ ಎರಡು ಮಹಿಳೆಯರು ಬರೆದದ್ದಾಗಿರಲಿ. ಆರೂ ಗಂಭೀರವಾದವು ಬೇಡ. ಗಂಭೀರವಾದದ್ದನ್ನು ಓದಿದರೇನೇ ಓದು ಎಂಬ ಭ್ರಮೆ ಇಂಥ ಯೋಜನೆಗಳನ್ನು ಹಾಳುಮಾಡಿದಷ್ಟು ಬೇರೆ ಯಾವುದೂ ಹಾಳುಮಾಡಿಲ್ಲ.

ವಿಜ್ಞಾನದ ಪುಸ್ತಕವಾದರೆ ಹಕ್ಕುಸ್ವಾಮ್ಯದ ಪುಟ ನೋಡದೆ ತರಬೇಡಿ. ಅಲ್ಲಿ ‘ಮೊದಲ ಮುದ್ರಣ’, ‘ಮರುಮುದ್ರಣ’, ‘ಪರಿಷ್ಕೃತ ಆವೃತ್ತಿ’ ಎಂದು ಬೇರೆ ಬೇರೆ ಇಸವಿ ಇರುತ್ತವೆ. ಮರುಮುದ್ರಣ ಎಂದರೆ ಹಳೆಯ ಪಠ್ಯವನ್ನೇ ಮತ್ತೆ ಅಚ್ಚು ಹಾಕಿದ್ದು, ತಿದ್ದಿದ್ದಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೋವನ್ನು ಕುಬ್ಜಗ್ರಹ ಎಂದು ಮರುವರ್ಗೀಕರಿಸಿದ್ದು 2006ರಲ್ಲಿ. ಗುರುತ್ವದ ಅಲೆಗಳು ಮೊದಲ ಬಾರಿ ನೇರವಾಗಿ ಪತ್ತೆಯಾದದ್ದು 2015ರಲ್ಲಿ. ಮೊದಲ ಮುದ್ರಣ 1995ರದ್ದಾಗಿದ್ದು, ಪರಿಷ್ಕರಣೆ ಇಲ್ಲದೆ 2018ರಲ್ಲಿ ಮರುಮುದ್ರಣವಾದ ಖಗೋಳದ ಪುಸ್ತಕದಲ್ಲಿ ಗ್ರಹಗಳು ಒಂಬತ್ತೇ ಇರುತ್ತವೆ. ಗಣಿತಕ್ಕೆ, ವಿಜ್ಞಾನದ ಚರಿತ್ರೆಗೆ ಈ ತೊಂದರೆ ಅಷ್ಟಿಲ್ಲ.

ಯಾವುದರ ಹಿಂದೆ ಯಾವುದು

1ರಿಂದ 6ನೇ ದಿನ ಪತ್ತೇದಾರಿ. 7 ಬಿಡುವು. 8ರಿಂದ 13 ಸಣ್ಣಕಥೆಗಳು. 14ರಂದು ನಾಟಕ, ಒಂದೇ ಕೂತಿಗೆ. 15 ಮತ್ತು 16 ಬಿಡುವು. 17ರಿಂದ 28ರವರೆಗೆ ಆತ್ಮಕಥೆಯೂ ವಿಜ್ಞಾನವೂ ದಿನ ಬಿಟ್ಟು ದಿನ, ನಡುವೆ 22 ಬಿಡುವು. 29, 30 ಖಾಲಿ. ಓದುವ ಪ್ರತಿದಿನವೂ ಮೊದಲ ನಾಲ್ಕು ನಿಮಿಷ ಕವಿತೆ.

ಪತ್ತೇದಾರಿ ಮೊದಲು ಬರಬೇಕು, ಯಾಕೆಂದರೆ ಮೊದಲ ವಾರದಲ್ಲಿ ಕೂತು ಓದುವ ಅಭ್ಯಾಸ ಇನ್ನೂ ಕೂಡಿರುವುದಿಲ್ಲ. ‘ಮುಂದೇನಾಯಿತು’ ಎನ್ನುವ ಕುತೂಹಲವೇ ನಿಮ್ಮನ್ನು ಮರುದಿನ ಎಳೆದು ಕೂರಿಸುತ್ತದೆ. ವಿಜ್ಞಾನದಿಂದ ಶುರುಮಾಡಿದವರು ಮೂರನೇ ದಿನವೇ ಫೋನ್ ಕೈಗೆತ್ತಿಕೊಳ್ಳುತ್ತಾರೆ. ನಾಟಕಕ್ಕೆ ಎರಡು ಗಂಟೆ ಒಟ್ಟಿಗೆ ಬೇಕು, ಅದು 14ನೇ ದಿನವೇ ಆಗಬೇಕೆಂದಿಲ್ಲ, ಹತ್ತಿರದ ರಜಾದಿನಕ್ಕೆ ಸರಿಸಿ. ಅಂದು ಹೆಚ್ಚು ಖರ್ಚು ಮಾಡಿದ ಹೊತ್ತನ್ನು ಹಿಂದಕ್ಕೆ ಕೊಡಲೆಂದೇ ಮುಂದಿನ ಎರಡು ದಿನ ಬಿಡುವು.

ಎರಡು ಪುಸ್ತಕವನ್ನು ಒಟ್ಟಿಗೆ ಓದುವುದಾದರೆ ಒಂದು ಕಥನ, ಒಂದು ವಿವರಣೆ ಇರಲಿ. ಎರಡು ಕಾದಂಬರಿ ಜೊತೆಗೆ ಹಿಡಿದರೆ ಇದರ ಸೊಸೆ ಅದರ ಮನೆಗೆ ಹೋಗಿಬಿಡುತ್ತಾಳೆ. ಆತ್ಮಕಥೆ ಮತ್ತು ವಿಜ್ಞಾನ ಹಾಗೆ ಬೆರೆಯುವುದಿಲ್ಲ. ಜೊತೆಗೆ, ವಿಜ್ಞಾನದ ಕ್ಲಿಷ್ಟ ಅಧ್ಯಾಯಕ್ಕೆ ಒಂದು ದಿನದ ಅಂತರ ಸಿಕ್ಕರೆ ಅದು ತಲೆಯಲ್ಲಿ ಕೂರಲು ಸಮಯ ಸಿಗುತ್ತದೆ.

ಪತ್ತೇದಾರಿ: ಓಡಿ, ಆದರೆ ಒಂದು ಕಡೆ ನಿಲ್ಲಿ

ಪುಸ್ತಕದೊಳಗೆ ಒಂದು ಚೀಟಿ ಇಟ್ಟುಕೊಳ್ಳಿ. ಹೊಸ ಪಾತ್ರ ಬಂದಾಗಲೆಲ್ಲ ಹೆಸರು, ಸಂಬಂಧ, ಮೊದಲು ಕಂಡ ಪುಟ, ಇಷ್ಟೇ. ಹತ್ತು ಹನ್ನೆರಡು ಹೆಸರಿಗೆ ಚೀಟಿ ತುಂಬುತ್ತದೆ, ಅದು ಸಾಕು. ಅನುವಾದಿತ ರಷ್ಯನ್ ಕಾದಂಬರಿಗೂ ಈ ಚೀಟಿ ಬೇಕೇ ಬೇಕು. ಅಲ್ಲಿ ಒಬ್ಬನಿಗೇ ಮನೆಹೆಸರು, ಸ್ವಂತ ಹೆಸರಿನ ಜೊತೆ ತಂದೆಯ ಹೆಸರಿನಿಂದ ಬಂದ ರೂಪ, ಮುದ್ದಿನ ಹೆಸರು ಎಂದು ಮೂರು ನಾಲ್ಕು ಇರುತ್ತವೆ. ಡಿಮಿಟ್ರಿಯನ್ನು ಮುಂದಿನ ಪುಟದಲ್ಲಿ ಮಿತ್ಯಾ ಎಂದು ಕರೆದಾಗ ಅದು ಹೊಸ ಪಾತ್ರ ಎಂದುಕೊಂಡು ಓದುಗರು ಕಂಗಾಲಾಗುತ್ತಾರೆ.

ಪತ್ತೇದಾರಿ ಎಂದರೆ ಲೇಖಕ ಮತ್ತು ಓದುಗರ ನಡುವಿನ ಆಟ. ಆ ಆಟಕ್ಕೆ ನಿಯಮಗಳಿವೆ. ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಅಂಥ ಹತ್ತು ನಿಯಮ ಬರೆದ. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗರಿಗೂ ಸಿಗಬೇಕು ಎನ್ನುವುದು ಅವುಗಳಲ್ಲಿ ಎರಡು. ಇದನ್ನು ನೆನಪಿಟ್ಟು, 160 ಪುಟದ ಪುಸ್ತಕವಾದರೆ 110ನೇ ಪುಟದ ಆಸುಪಾಸಿನಲ್ಲಿ ನಿಲ್ಲಿ. ಚೀಟಿ ನೋಡಿ. ಅಪರಾಧಿ ಯಾರು, ಯಾವ ಮೂರು ಸುಳಿವಿನಿಂದ ಹಾಗೆನಿಸಿತು ಎಂದು ಬರೆದಿಟ್ಟು ಮುಂದೆ ಹೋಗಿ. ಊಹೆ ತಪ್ಪಾದರೆ ಇನ್ನೂ ಚೆನ್ನ: ಯಾವ ಪುಟದಲ್ಲಿ ದಾರಿ ತಪ್ಪಿಸಿದರು ಎಂದು ಹಿಂದೆ ತಿರುಗಿ ನೋಡಿದರೆ, ಹೆಣಿಗೆ ಕಣ್ಣಿಗೆ ಬೀಳುತ್ತದೆ. ಒಂದು ಅಪ್ರಿಯ ಸತ್ಯವೂ ಆಗ ಗೊತ್ತಾಗುತ್ತದೆ, ಕೆಲವು ಪತ್ತೇದಾರಿಗಳಲ್ಲಿ ಹೆಣಿಗೆಯೇ ಇರುವುದಿಲ್ಲ.

ಎರಡು ದಿನಕ್ಕಿಂತ ಹೆಚ್ಚು ಬಿಟ್ಟು ಓದಿದರೆ ಸುಳಿವುಗಳು ಮರೆತು ಕೊನೆಯ ಅಧ್ಯಾಯ ಬರೀ ಮಾಹಿತಿಯಾಗುತ್ತದೆ. ನೀವು ಹೇಗೂ ಪತ್ತೇದಾರಿಯನ್ನೇ ಓದುವವರಾದರೆ ಈ ಜಾಗಕ್ಕೆ ವೈಜ್ಞಾನಿಕ ಕಾದಂಬರಿ ತನ್ನಿ. ಅಲ್ಲಿ ಮೊದಲ ಮೂವತ್ತು ನಲವತ್ತು ಪುಟ ಅರ್ಥವಾಗದ ಪದ, ಯಂತ್ರ, ಊರುಗಳ ಹೆಸರು ಬರುತ್ತವೆ. ಬಹಳ ಸಲ ಲೇಖಕರು ಬೇಕೆಂದೇ ವಿವರಣೆ ತಡೆಹಿಡಿದಿರುತ್ತಾರೆ. ಹಿಂದೆ ಹೋಗಬೇಡಿ, ಸಾಗಿ.

ಸಣ್ಣಕಥೆ: ದಿನಕ್ಕೊಂದು, ಹೆಚ್ಚೆಂದರೆ ಎರಡು

ಪತ್ತೇದಾರಿ ಕಥೆಗೆ ಹಾದಿ ಹಾಕಿದ ಎಡ್ಗರ್ ಅಲನ್ ಪೋ ಸಣ್ಣಕಥೆಗೂ ಒಂದು ಅಳತೆ ಕೊಟ್ಟ. ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಓದಿ ಮುಗಿಯಬೇಕು, ಓದು ನಡುವೆ ತುಂಡಾದರೆ ಕಥೆಯ ಒಟ್ಟು ಪರಿಣಾಮವೇ ಹೋಗುತ್ತದೆ ಎಂಬುದು 1842ರಲ್ಲಿ ಅವನು ಮಂಡಿಸಿದ ವಾದ. ಪಾಲಿಸಲು ಇದಕ್ಕಿಂತ ಸುಲಭದ ನಿಯಮವಿಲ್ಲ. ಕೂರುವ ಮೊದಲು ಕಥೆಯ ಪುಟ ಎಣಿಸಿ. ಗಂಟೆಗೆ 25 ಪುಟದ ವೇಗದಲ್ಲಿ ಹದಿನೈದು ಪುಟಕ್ಕೆ 36 ನಿಮಿಷ. ಸಮಯ ಸಾಲದಿದ್ದರೆ ಆ ಕಥೆ ಇವತ್ತು ಬೇಡ, ಚಿಕ್ಕದೊಂದನ್ನು ಆರಿಸಿ.

ಸಂಕಲನವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕು ಎಂಬ ಹಟ ಬೇಡ. ಮೊದಲ ಕಥೆ, ಸಂಕಲನಕ್ಕೆ ಹೆಸರು ಕೊಟ್ಟ ಕಥೆ, ಕೊನೆಯ ಕಥೆ, ಈ ಮೂರನ್ನು ಓದಿದರೆ ಲೇಖಕರ ಹರವು ಗೊತ್ತಾಗುತ್ತದೆ. ಆಮೇಲೆ ಉಳಿದವು. ಕಥೆ ಮುಗಿದ ಕೂಡಲೇ ಅದರ ಮೊದಲ ಪ್ಯಾರಾ ಇನ್ನೊಮ್ಮೆ ಓದಿ. ಒಳ್ಳೆಯ ಕಥೆಯ ಆರಂಭ ಎರಡನೇ ಸಲ ಬೇರೆಯೇ ಮಾತಾಡುತ್ತದೆ, ಕಿಟಕಿ ಮುಚ್ಚಿದ ಸಣ್ಣ ವಿವರವೊಂದು ಮೊದಲು ವಾತಾವರಣದಂತೆ ಕಂಡಿದ್ದು ಈಗ ಕಾರಣವಾಗಿ ಕಾಣುತ್ತದೆ. ಒಂದರ ಹಿಂದೆ ಒಂದರಂತೆ ನಾಲ್ಕು ಕಥೆ ಓದಿದರೆ ನಾಲ್ಕೂ ಕಲಸಿಹೋಗುತ್ತವೆ. ಪ್ರತಿ ಕಥೆಯೂ ಹೊಸ ಜನ, ಹೊಸ ಊರು ಕೇಳುವುದರಿಂದ ಸಣ್ಣಕಥೆ ಕಾದಂಬರಿಗಿಂತ ನಿಧಾನ. ಚಿಕ್ಕದು, ಆದ್ದರಿಂದ ಹಗುರ ಎಂದುಕೊಳ್ಳುವವರೇ ಹೆಚ್ಚು.

ನಾಟಕ: ಕಿವಿಯಿಂದ ಓದಬೇಕಾದದ್ದು

ನಾಟಕ ಓದುವುದು ಬೇಸರ ಎನ್ನುವವರು ಬಹುಪಾಲು ಅದನ್ನು ಕಣ್ಣಿನಲ್ಲಿ ಮಾತ್ರ ಓದಿರುತ್ತಾರೆ. ಕಾದಂಬರಿಕಾರ ಒದಗಿಸುವ ದನಿ, ಮುಖ, ಮೌನ, ಜಾಗ ಇವು ಇಲ್ಲಿ ಪುಟದ ಮೇಲೆ ಇರುವುದಿಲ್ಲ, ಓದುವವರೇ ತುಂಬಬೇಕು. ಅದಕ್ಕೆ ಮೂರು ಉಪಾಯ.

ಒಂದು, ಖಾಲಿ ಹಾಳೆಯಲ್ಲಿ ರಂಗದ ಚೌಕ ಬರೆಯಿರಿ. ಬಾಗಿಲೆಲ್ಲಿ, ಕುರ್ಚಿಯೆಲ್ಲಿ, ಯಾರು ಎಡದಿಂದ ಬಂದರು. ಪಾತ್ರ ಒಳಬಂದಾಗ ಹೆಸರಿನ ಮೊದಲ ಅಕ್ಷರ ಚೌಕದೊಳಗೆ ಬರೆದು, ಹೋದಾಗ ಹೊಡೆದುಹಾಕಿ. ಇದರಿಂದ ಒಂದು ದೊಡ್ಡ ಲಾಭ: ಮಾತಾಡದೆ ನಿಂತಿರುವವರು ಯಾರು ಎಂದು ಗೊತ್ತಾಗುತ್ತದೆ. ಗಂಡ ಹೆಂಡತಿ ಜಗಳವಾಡುವ ಎರಡು ಪುಟವನ್ನು ಓದುವಾಗ, ಮೂಲೆಯಲ್ಲಿ ಮಗಳು ಇನ್ನೂ ನಿಂತಿದ್ದಾಳೆ ಎಂಬುದು ಓದುಗರಿಗೆ ಮರೆತುಹೋಗುತ್ತದೆ, ಪ್ರೇಕ್ಷಕರಿಗೆ ಮರೆಯುವುದಿಲ್ಲ. ಇಡೀ ದೃಶ್ಯದ ಅರ್ಥ ಬಹಳ ಸಲ ಅವಳ ಮೇಲೇ ನಿಂತಿರುತ್ತದೆ.

ಎರಡು, ಮಾತುಗಳನ್ನು ಗಟ್ಟಿಯಾಗಿ ಓದಿ. ಪರಿಚಯವಿಲ್ಲದ ಕಡೆಯ ಆಡುಮಾತಿನಲ್ಲಿ ಬರೆದ ನಾಟಕವಾದರೆ ಇದು ಅನಿವಾರ್ಯ. ಕಣ್ಣಿಗೆ ಗೋಜಲಾಗಿ ಕಂಡ ಪದ ಬಾಯಿಂದ ಹೊರಬಿದ್ದ ತಕ್ಷಣ ನಮಗೆ ಗೊತ್ತಿರುವ ಪದವೇ ಎಂದು ತಿಳಿಯುತ್ತದೆ. ಮೂರು, ಆವರಣದೊಳಗಿನ ರಂಗಸೂಚನೆಯನ್ನು ಹಾರಿಸಬೇಡಿ. ‘ಸ್ವಲ್ಪ ಹೊತ್ತು ಮೌನ’ ಎಂದಿದ್ದರೆ ಮನಸ್ಸಿನಲ್ಲೇ ಐದು ಎಣಿಸಿ.

ಮುನ್ನುಡಿ ಕೊನೆಗೆ ಓದಿ. ನಾಟಕಗಳ ಮುನ್ನುಡಿಗಳು ಕಥೆಯ ತಿರುವನ್ನು ಬಿಚ್ಚಿಡುವುದರಲ್ಲಿ ಎತ್ತಿದ ಕೈ.

ಆತ್ಮಕಥೆ ಮತ್ತು ವಿಜ್ಞಾನ: ದಿನ ಬಿಟ್ಟು ದಿನ

ಆತ್ಮಕಥೆ ಸರಾಗವಾಗಿ ಓದಿಸಿಕೊಳ್ಳುತ್ತದೆ, ಅದೇ ಅದರ ಅಪಾಯ. ಹೇಳಿದ್ದನ್ನೆಲ್ಲ ನಂಬುತ್ತಾ ಹೋಗುತ್ತೇವೆ. ಒಂದು ಹಾಳೆಯಲ್ಲಿ ಅಡ್ಡಗೆರೆ ಎಳೆದು ಹತ್ತು ಹನ್ನೆರಡು ಇಸವಿ ಗುರುತು ಹಾಕಿ: ಹುಟ್ಟು, ಓದು, ಮೊದಲ ಕೆಲಸ, ಮದುವೆ, ದೊಡ್ಡ ಸೋಲು. ಪುಸ್ತಕ ಬರೆದ ಇಸವಿಯನ್ನೂ ಅದೇ ಗೆರೆಯ ಮೇಲೆ ಗುರುತಿಸಿ. ಎಪ್ಪತ್ತನೇ ವಯಸ್ಸಿನಲ್ಲಿ ಬರೆದ ಬಾಲ್ಯದ ಸಂಭಾಷಣೆ ಅಕ್ಷರಶಃ ನೆನಪಿರಲು ಸಾಧ್ಯವಿಲ್ಲ, ಅದು ಪುನರ್‌ರಚನೆ. ಗೆರೆಯ ಮೇಲೆ ಎಂಟು ಹತ್ತು ವರ್ಷ ಏನೂ ಇಲ್ಲದ ಜಾಗ ಕಂಡರೆ ಗಮನಿಸಿ, ಲೇಖಕರು ಹೇಳಬಾರದೆಂದುಕೊಂಡದ್ದು ಅಲ್ಲಿರಬಹುದು. ಪ್ರವಾಸಕಥನಕ್ಕೆ ಗೆರೆಯ ಬದಲು ನಕ್ಷೆ. ಆಡಿಯೋ ಪುಸ್ತಕ ಕೇಳುವವರಿಗೆ ಈ ಆರರಲ್ಲಿ ಹೆಚ್ಚು ಒಗ್ಗುವುದು ಆತ್ಮಕಥೆಯೇ, ಅದೂ ಲೇಖಕರ ದನಿಯಲ್ಲಿದ್ದರೆ. ಪತ್ತೇದಾರಿ ಕೇಳುವಾಗ ಸುಳಿವಿಗೆ ಹಿಂದೆ ಹೋಗುವುದು ಕಷ್ಟ, ಚಿತ್ರ-ಪಟ್ಟಿ ಇರುವ ವಿಜ್ಞಾನ ಪುಸ್ತಕವಂತೂ ಬೇಡವೇ ಬೇಡ.

ವಿಜ್ಞಾನ ಅಥವಾ ಇತಿಹಾಸದ ಪುಸ್ತಕವನ್ನು ಮೊದಲ ದಿನ ಓದಬೇಡಿ, ತಡವಿ ನೋಡಿ. 20 ನಿಮಿಷ ಸಾಕು. ಬೆನ್ನುಡಿ, ಪರಿವಿಡಿ, ಮುನ್ನುಡಿಯ ಕೊನೆಯ ಎರಡು ಪುಟ, ಪ್ರತಿ ಅಧ್ಯಾಯದ ಮೊದಲ ಮತ್ತು ಕೊನೆಯ ಪ್ಯಾರಾ, ಆಮೇಲೆ ಪದಸೂಚಿ. ಪದಸೂಚಿಯಲ್ಲಿ ಯಾವ ಪದದ ಮುಂದೆ ಅತಿ ಹೆಚ್ಚು ಪುಟಸಂಖ್ಯೆ ಇದೆಯೋ ಪುಸ್ತಕದ ಒಲವು ಅಲ್ಲಿದೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಮಾರ್ಟಿಮರ್ ಆಡ್ಲರ್ 1940ರ ತನ್ನ ‘ಹೌ ಟು ರೀಡ್ ಎ ಬುಕ್’ ಪುಸ್ತಕದಲ್ಲಿ ಓದುವ ಕಲೆಗೆ ನಿಯಮಗಳನ್ನು ಕಟ್ಟಿಕೊಟ್ಟ. ಈ ಬಗೆಯ ಮೇಲ್ನೋಟದ ಓದು ಆ ಪುಸ್ತಕದ ಪರಿಷ್ಕೃತ ಆವೃತ್ತಿಯಲ್ಲಿ ಪ್ರತ್ಯೇಕ ಹಂತವಾಗಿಯೇ ಬರುತ್ತದೆ. ಇಷ್ಟಾದ ಮೇಲೆ ಮೂರು ಅಧ್ಯಾಯ ಆರಿಸಿ. ಮೊದಲನೆಯದು ಇರಲಿ, ಯಾಕೆಂದರೆ ಪರಿಭಾಷೆ ಅಲ್ಲೇ ವಿವರಿಸಿರುತ್ತಾರೆ. ಉಳಿದೆರಡು ನಿಮ್ಮಿಷ್ಟ. 54 ಪುಟದ ಬಜೆಟ್ ಬಂದದ್ದು ಹೀಗೆ.

ಪ್ರತಿ ಏಳೆಂಟು ಪುಟಕ್ಕೆ ಪುಸ್ತಕ ಮುಚ್ಚಿ, ಓದಿದ್ದನ್ನು ಎರಡು ವಾಕ್ಯದಲ್ಲಿ ಬಾಯಿಬಿಟ್ಟು ಹೇಳಿ. ಬರದಿದ್ದರೆ ಮಾತ್ರ ಹಿಂದೆ ಹೋಗಿ. ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ ಒಂದು ಗುಂಪು ಪಠ್ಯವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪಠ್ಯ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿಸಿಕೊಂಡವರು ಸ್ಪಷ್ಟವಾಗಿ ಮುಂದೆ ಹೋಗಿದ್ದರು. ಅಡಿಗೆರೆ ಎಳೆಯುತ್ತಾ ಎರಡೆರಡು ಸಲ ಓದಿದಾಗ ಎಲ್ಲ ಗೊತ್ತಾಯಿತು ಎನಿಸುವುದು ಆ ಮೊದಲ ಐದು ನಿಮಿಷದ ಮೋಸ.

ಕವಿತೆ: ದಿನಾ ನಾಲ್ಕು ನಿಮಿಷ

ಒಂದು ದಿನಕ್ಕೆ ಒಂದೇ ಕವಿತೆ, ಎರಡು ಸಲ. ಮೊದಲ ಸಲ ಗಟ್ಟಿಯಾಗಿ, ಅರ್ಥದ ಗೊಡವೆ ಬಿಟ್ಟು. ಎರಡನೇ ಸಲ ನಿಧಾನವಾಗಿ. ಉದ್ದದ ಕವಿತೆಯಾದರೆ ಒಂದು ಭಾಗ ಸಾಕು.

ನಡುಗನ್ನಡದ ಪದ್ಯ ಓದಬೇಕೆಂದಿದ್ದರೆ ಇದೇ ಒಳ್ಳೆಯ ಅವಕಾಶ, ದಿನಕ್ಕೊಂದು ಪದ್ಯ ಮಾತ್ರ. ಹಳೆಯ ಪದ್ಯ ಓದಲು ಹೋಗಿ ಸೋಲುವುದು ಪದಗಳ ಕಷ್ಟಕ್ಕಿಂತ ಬಿಡಿಸುವ ಕ್ರಮ ಗೊತ್ತಿಲ್ಲದ್ದರಿಂದ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಆರು ಸಾಲು. 1, 2, 4, 5ನೇ ಸಾಲುಗಳಲ್ಲಿ 3-4-3-4 ಮಾತ್ರೆಯ ಗಣಗಳು. 3 ಮತ್ತು 6ನೇ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ಗಣ ಮುಗಿಯುವುದು ಎಷ್ಟೋ ಕಡೆ ಪದದ ನಡುವೆ, ಸಾಲು ಮುಗಿಯುವುದೂ ಹಾಗೇ. ಆದ್ದರಿಂದ ಮೊದಲು ಕೈಯಲ್ಲಿ ತಾಳ ಹಾಕಿಕೊಂಡು ಮಾತ್ರೆಯ ಪ್ರಕಾರ ಓದಿ. ಆಮೇಲೆ ಸಂಧಿ ಬಿಡಿಸಿ, ಕ್ರಿಯಾಪದ ಎಲ್ಲಿದೆ ಹುಡುಕಿ, ‘ಯಾರು?’ ಎಂದು ಕೇಳಿಕೊಂಡು ಗದ್ಯದ ಹಾಗೆ ಜೋಡಿಸಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಲಯವೂ ಇಲ್ಲ, ಅರ್ಥವೂ ಇಲ್ಲ. ಇಂಥ ಪದ್ಯಕ್ಕೆ ನಾಲ್ಕು ನಿಮಿಷ ಸಾಲದು, ಎಂಟು ಇಡಿ, ಆ ದಿನದ ಉಳಿದ ಓದಿನಿಂದ ಕಡಿತ ಮಾಡಿ.

ಟಿಪ್ಪಣಿ ಎಷ್ಟು ಬೇಕು

ಪುಸ್ತಕಕ್ಕೆ ಅರ್ಧ ಪುಟ. ಏನಿದೆ ಎಂದು ಎರಡು ಸಾಲು, ಪುಟಸಂಖ್ಯೆ ಸಮೇತ ಹಿಡಿಸಿದ ಒಂದು ಜಾಗ, ಒಪ್ಪದ ಅಥವಾ ಅರ್ಥವಾಗದ ಒಂದು ಮಾತು, ಇದೇ ಪ್ರಕಾರದಲ್ಲಿ ಮುಂದೆ ಏನು ಓದಬಹುದು. ಪುಟಸಂಖ್ಯೆ ಬರೆಯದ ಟಿಪ್ಪಣಿ ಆರು ತಿಂಗಳ ನಂತರ ಕೆಲಸಕ್ಕೆ ಬರುವುದಿಲ್ಲ. ಗ್ರಂಥಾಲಯದ ಪುಸ್ತಕದಲ್ಲಿ ಗೆರೆ ಬೇಡ, ಕಾಗದದ ಚೂರು ಇಟ್ಟು ಹಿಂದಿರುಗಿಸುವಾಗ ತೆಗೆಯಿರಿ. ಚೆಂದದ ಡೈರಿ, ನಾಲ್ಕು ಬಣ್ಣದ ಪೆನ್ನು, ನಕ್ಷತ್ರದ ಅಂಕಗಳು ಇವೆಲ್ಲ ಓದಿನ ಹೊತ್ತನ್ನೇ ತಿನ್ನುತ್ತವೆ.

ಹಿಂದೆ ಬಿದ್ದಾಗ

ಒಂದೆರಡು ದಿನ ತಪ್ಪೇ ತಪ್ಪುತ್ತದೆ. ತಪ್ಪಿದ ದಿನದ ಪುಟಗಳನ್ನು ಇವತ್ತಿನದಕ್ಕೆ ಸೇರಿಸಿ 90 ನಿಮಿಷ ಕೂರಲು ಹೋಗಬೇಡಿ. ಅದು ಒಂದು ದಿನ ನಡೆಯುತ್ತದೆ, ಮರುದಿನ ಪೂರ್ತಿ ರಜೆಯಾಗುತ್ತದೆ. 29 ಮತ್ತು 30 ಇರುವುದೇ ಇದಕ್ಕೆ. ಅದೂ ಸಾಲದಿದ್ದರೆ ಕತ್ತರಿಸಿ. ಮೊದಲು ಕತ್ತರಿಸಬೇಕಾದದ್ದು ಉಳಿದ ಸಣ್ಣಕಥೆಗಳು, ಯಾಕೆಂದರೆ ಓದಿದ ಮೂರು ಕಥೆ ಮೂರಾಗಿಯೇ ಪೂರ್ಣ. ಆಮೇಲೆ ವಿಜ್ಞಾನದ ಮೂರನೇ ಅಧ್ಯಾಯ. ಪತ್ತೇದಾರಿಯನ್ನೂ ನಾಟಕವನ್ನೂ ಅರ್ಧಕ್ಕೆ ನಿಲ್ಲಿಸಿದರೆ ಓದಿದ್ದೂ ವ್ಯರ್ಥ, ಅವನ್ನು ಮುಟ್ಟಬೇಡಿ. ಕವಿತೆ ನಾಲ್ಕೇ ನಿಮಿಷ, ಅದನ್ನು ಬಿಟ್ಟು ಉಳಿಸುವುದೇನೂ ಇಲ್ಲ.

ಪುಸ್ತಕ ಹಿಡಿಸದಿದ್ದಾಗ ಬಿಡುವುದು ಯಾವಾಗ? ಕಾದಂಬರಿ, ಆತ್ಮಕಥೆಗೆ ಐವತ್ತು ಪುಟ, ಸಂಕಲನಕ್ಕೆ ಮೂರು ಕಥೆ, ಕವಿತೆಗೆ ಹತ್ತು ದಿನ, ನಾಟಕಕ್ಕೆ ಮೊದಲ ಅಂಕ. ಆದರೆ ಬಿಡುವ ಮುಂಚೆ ಒಂದು ಪರೀಕ್ಷೆ ಮಾಡಿ. ರಾತ್ರಿ ಓದುತ್ತಿದ್ದರೆ ಒಂದು ದಿನ ಬೆಳಿಗ್ಗೆ ಎದ್ದ ಮೇಲೆ ಐದು ಪುಟ ಓದಿ. ಬೆಳಿಗ್ಗೆ ಹಿಡಿಸಿದರೆ ತಪ್ಪು ದಣಿವಿನದು, ಹೊತ್ತು ಬದಲಿಸಿ. ಆಗಲೂ ಹಿಡಿಸದಿದ್ದರೆ ಬದಲಿ ಪುಸ್ತಕ ತೆಗೆಯಿರಿ. ಆ ಬದಲಿ ಅದೇ ಪ್ರಕಾರದ್ದಾಗಿರಲಿ. ವಿಜ್ಞಾನ ಹಿಡಿಸಲಿಲ್ಲ ಎಂದು ಕಾದಂಬರಿಗೆ ಹಾರಿದರೆ ತಿಂಗಳು ಹಳೆಯ ಜಾಡಿಗೇ ಬೀಳುತ್ತದೆ.

ಬಿಟ್ಟ ಪುಸ್ತಕವನ್ನೂ ಸುಮ್ಮನೆ ಮುಚ್ಚಿಡಬೇಡಿ. ನಿಂತ ಪುಟದಲ್ಲಿ ಒಂದು ಚೀಟಿ ಇಟ್ಟು, ಇಲ್ಲಿಯವರೆಗೆ ಏನಾಯಿತು, ಯಾಕೆ ಬಿಟ್ಟೆ ಎಂದು ಎರಡು ಸಾಲು ಬರೆದು, ದಿನಾಂಕ ಹಾಕಿ. ವರ್ಷದ ನಂತರ ತೆಗೆದಾಗ ಮೊದಲ ಪುಟದಿಂದ ಶುರುಮಾಡಬೇಕೋ, ಅಲ್ಲಿಂದಲೇ ಮುಂದುವರಿಯಬಹುದೋ ಎನ್ನುವುದನ್ನು ಆ ಎರಡು ಸಾಲೇ ಹೇಳುತ್ತವೆ.